ಲೆಕ್ಕಕ್ಕೆ ಸಿಗದ ಪೆಟ್ರೋಲು

ಬೆಳಗಿನ ಆರು ಗಂಟೆ, ಪಾಳಿ ಬದಲಾಗುವ ಹೊತ್ತು. ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಮ್ಯಾನೇಜರು ನೆಲದ ಕಬ್ಬಿಣದ ಮುಚ್ಚಳ ಎತ್ತಿ, ಗುರುತು ಕೊರೆದ ಉದ್ದನೆಯ ಕೋಲೊಂದನ್ನು ಕೆಳಗಿನ ಟ್ಯಾಂಕಿಗೆ ಇಳಿಬಿಡುತ್ತಾರೆ. ಕೋಲಿಗೆ ಡಿಪ್ ರಾಡ್ ಎಂದು ಹೆಸರು, ಕೆಲಸಕ್ಕೆ ‘ಡಿಪ್ ತೆಗೆಯೋದು’ ಎನ್ನುತ್ತಾರೆ. ಕೋಲು ಎಲ್ಲಿಯವರೆಗೆ ಒದ್ದೆಯಾಯಿತೆಂದು ನೋಡಿ, ಅಷ್ಟಕ್ಕೆ ಎಷ್ಟು ಲೀಟರೆಂದು ಚಾರ್ಟಿನಲ್ಲಿ ಹುಡುಕುತ್ತಾರೆ. ನಿನ್ನೆಯ ಉಳಿಕೆಗೆ ರಾತ್ರಿ ಬಂದ ಲೋಡು ಕೂಡಿಸಿ, ಮೀಟರು ತೋರಿಸಿದ ಮಾರಾಟ ಕಳೆದು, ಎರಡು ಅಂಕಿಗಳನ್ನೂ ತಾಳೆ ಹಾಕುತ್ತಾರೆ. ಅವೆರಡೂ ಒಂದೇ ಆಗಿ ಬರುವ ದಿನ ಅಪರೂಪ. ನಾನು ನೋಡಲು ಹೋದ ದಿನ ಪೆಟ್ರೋಲು ಹನ್ನೊಂದು ಲೀಟರು ಕಡಿಮೆ ಬಂತು.

“ಎಲ್ಲಿ ಹೋಯ್ತು ಸಾರ್ ಅದು?” ಎಂದು ಕೇಳಿದೆ.

“ಆವಿ” ಎಂದರು, ರಿಜಿಸ್ಟರಿನಿಂದ ತಲೆ ಎತ್ತದೆ.

ಅವರು ಹೇಳಿದ್ದು ಸರಿಯೇ ಇರಬೇಕು. ದಿನಕ್ಕೆ ಸಾವಿರಾರು ಲೀಟರು ಕೈ ಬದಲಾಗುವ ಜಾಗದಲ್ಲಿ ಹನ್ನೊಂದು ಲೀಟರು ಒಂದು ಲೆಕ್ಕವೇ ಅಲ್ಲ. ಬಿಸಿಲು, ಕೋಲಿನ ಓರೆ, ಲಾರಿಯ ತಳದಲ್ಲಿ ಉಳಿದದ್ದು ಎಲ್ಲ ಸೇರಿದರೆ ಅಷ್ಟಾಗಿಬಿಡುತ್ತದೆ.

ಆದರೆ ನೆಲದೊಳಗೆ ಸೋರುವ ಪೆಟ್ರೋಲು ಅಡಗಿ ಕೂರುವುದೂ ಇದೇ ‘ಆವಿ’ಯ ಮರೆಯಲ್ಲಿ. ಕೊಳವೆಯ ಒಂದು ಬೆಸುಗೆಯಿಂದ ಸೆಕೆಂಡಿಗೊಂದು ಹನಿ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಹಿಡಿದರೂ ದಿನಕ್ಕೆ 4 ಲೀಟರು ದಾಟುತ್ತದೆ, ವರ್ಷಕ್ಕೆ 1,500 ಲೀಟರು. ಪಾಳಿಯವರ ಕಣ್ಣಿಗೆ ಅದು ಎಂದೂ ಬೀಳುವುದಿಲ್ಲ. ಹಾಗಾಗಿ ಬಂಕಿನಡಿಯ ಅಂತರ್ಜಲ ಕೆಟ್ಟಿದೆಯೇ ಎಂದು ತನಿಖೆಗೆ ಬರುವ ಅನುಭವಿ ಭೂವಿಜ್ಞಾನಿ ಮೊದಲು ಕೊರೆಯುವ ಲಾರಿಗೆ ಫೋನು ಮಾಡುವುದಿಲ್ಲ, ಹಳೆಯ ಸ್ಟಾಕ್ ರಿಜಿಸ್ಟರುಗಳನ್ನು ಕೇಳುತ್ತಾನೆ. ಒಂದು ದಿನದ ಕೊರತೆ ಏನನ್ನೂ ಹೇಳದು. ಬರೀ ಅಳತೆಯ ತಪ್ಪಾದರೆ ಇಂದು ಕಡಿಮೆ, ನಾಳೆ ಹೆಚ್ಚು ಬಂದು ತಿಂಗಳ ಕೊನೆಗೆ ಸರಿದೂಗಬೇಕು. ಆವಿಯಾದರೆ ಬೇಸಿಗೆಯಲ್ಲಿ ಹೆಚ್ಚಿ ಮಳೆಗಾಲದಲ್ಲಿ ತಗ್ಗಬೇಕು. ಮಳೆ, ಬಿಸಿಲು, ಮಾರಾಟ ಯಾವುದಕ್ಕೂ ಕ್ಯಾರೇ ಎನ್ನದೆ ದಿನವೂ ಅಷ್ಟಷ್ಟೇ ಕಡಿಮೆಯಾಗುತ್ತಾ ಹೋದರೆ ಅದು ಬೇರೆ ಕಥೆ.

ಇಷ್ಟು ಸಣ್ಣ ಹನಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು? ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವವಿದೆ, ರಕ್ತದ ಕ್ಯಾನ್ಸರ್ ತರಬಲ್ಲದು ಎಂದು ಸಾಬೀತಾದ ವಸ್ತು. ಭಾರತ್ ಸ್ಟೇಜ್ 6ರ ಪೆಟ್ರೋಲಿನಲ್ಲಿ ಅದು ಶೇ 1ನ್ನು ಮೀರುವಂತಿಲ್ಲ. ಆ ಲೆಕ್ಕದಲ್ಲಿ ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ಎಂಟೂಮುಕ್ಕಾಲು ಗ್ರಾಂ ಬೆಂಜೀನ್ ಇರಬಹುದು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದು ಲೀಟರಿಗೆ 10 ಮೈಕ್ರೋಗ್ರಾಂ. ಅಮೆರಿಕದ ಮಿತಿ ಅದರ ಅರ್ಧ. ಭಾಗಿಸಿ ನೋಡಿದರೆ ಒಂದು ಲೀಟರು ಪೆಟ್ರೋಲಿನ ಬೆಂಜೀನ್ ಸುಮಾರು ಎಂಟೂಮುಕ್ಕಾಲು ಲಕ್ಷ ಲೀಟರು ನೀರನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ನಮ್ಮ ಬೀದಿಗಳಲ್ಲಿ ಓಡಾಡುವ 6,000 ಲೀಟರಿನ ನೀರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ ನೂರನಲವತ್ತಕ್ಕೂ ಹೆಚ್ಚು ಟ್ಯಾಂಕರು. ನಿಜ ಜೀವನದಲ್ಲಿ ಎಲ್ಲವೂ ಹೀಗೆ ಹದವಾಗಿ ಬೆರೆಯುವುದಿಲ್ಲ, ಒಪ್ಪುತ್ತೇನೆ. ಆದರೂ ಹನಿಯ ತೂಕ ಎಷ್ಟೆಂಬುದು ಇದರಿಂದ ಮನಸ್ಸಿಗೆ ಬರುತ್ತದೆ.

ನಾಲ್ಕು ರಸ್ತೆ ಕೂಡುವಲ್ಲಿ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ನಗರದ ಉತ್ತರಕ್ಕೆ ಜಾಕ್ಸನ್‌ವಿಲ್ ಎಂಬ ಊರಿದೆ. ಅತ್ತ ಹಳ್ಳಿಯೂ ಅಲ್ಲ, ಇತ್ತ ಪೇಟೆಯೂ ಅಲ್ಲ. ನಡುವೆ ರಸ್ತೆಗಳು ಕೂಡುವ ಸರ್ಕಲ್ಲು, ಸುತ್ತ ಅಂಗಡಿಗಳು, ಅದರಾಚೆ ದೊಡ್ಡ ದೊಡ್ಡ ಕಾಂಪೌಂಡಿನ ಮನೆಗಳು. ಸರ್ಕಾರದ ನಲ್ಲಿ ಅಲ್ಲಿಗೆ ಬಂದಿರಲಿಲ್ಲ, ಮನೆಮನೆಗೂ ಬಂಡೆಯಲ್ಲಿ ಕೊರೆದ ಸ್ವಂತ ಬಾವಿ. ಬೆಂಗಳೂರಿನ ಹೊರವಲಯದ ಬಡಾವಣೆಗಳನ್ನು ನೋಡಿದವರಿಗೆ ಈ ಚಿತ್ರ ಅಪರಿಚಿತವೇನಲ್ಲ.

2006ರ ಜನವರಿ ಮಧ್ಯಭಾಗದಲ್ಲಿ ಆ ಸರ್ಕಲ್ಲಿನ ಎಕ್ಸಾನ್ ಬಂಕಿನ ಆವರಣದಲ್ಲಿ ಗುತ್ತಿಗೆದಾರರು ನೆಲ ಕೊರೆಯುತ್ತಿದ್ದಾಗ ಡ್ರಿಲ್ಲು ನೆಲದಡಿಯ ಪೆಟ್ರೋಲ್ ಕೊಳವೆಗೆ ತಾಗಿತು. ತೂತು ಬಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಸೋರಿಕೆ ಹಿಡಿಯಲೆಂದೇ ಇಟ್ಟಿದ್ದ ಎಲೆಕ್ಟ್ರಾನಿಕ್ ಸಾಧನ ಮಾತ್ರ ತನ್ನ ಕೆಲಸ ಮಾಡಿ ಎಚ್ಚರಿಕೆ ಕೊಟ್ಟಿತು. ಅದನ್ನು ನೋಡಲು ಬಂದ ತಂತ್ರಜ್ಞ ಸಾಧನವನ್ನೇ ಹೊಸದಾಗಿ ಹೊಂದಿಸಿ ಹೊರಟುಹೋದ. ಅಲ್ಲಿಗೆ ಅದರ ಬಾಯಿ ಕಟ್ಟಿತು. ಸೋರಿಕೆ ಪತ್ತೆಯಾದದ್ದು ಫೆಬ್ರವರಿ ಮಧ್ಯದಲ್ಲಿ. ಅಷ್ಟರೊಳಗೆ ಸುಮಾರು 26,000 ಗ್ಯಾಲನ್ ಪೆಟ್ರೋಲು ನೆಲ ಸೇರಿತ್ತು. ನಮ್ಮ ಲೆಕ್ಕದಲ್ಲಿ 98,000 ಲೀಟರು, ಅಂದರೆ 12,000 ಲೀಟರಿನ ಎಂಟು ಟ್ಯಾಂಕ್ ಲಾರಿ. ದಿನಕ್ಕೆ ಸರಾಸರಿ ಮೂರು ಸಾವಿರ ಲೀಟರಿನ ಹತ್ತಿರ. ಇದು ಆವಿಯ ಮರೆಯಲ್ಲಿ ಅಡಗುವ ಹನಿಯಲ್ಲ. ಬೆಳಗಿನ ತಾಳೆಯಲ್ಲಿ ಎರಡನೇ ದಿನವೇ ಕಣ್ಣಿಗೆ ರಾಚಬೇಕಿದ್ದ ಕೊರತೆ. ಒಂದು ತಿಂಗಳು ಅದು ರಾಚದೆ ಉಳಿದದ್ದು ಹೇಗೆ ಎಂಬುದೇ ಮುಂದೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಜಗ್ಗಾಡಿದ ಪ್ರಶ್ನೆ.

ನೂರಾರು ಮನೆಗಳವರು ಮೊಕದ್ದಮೆ ಹೂಡಿದರು. 2008ರಲ್ಲಿ ರಾಜ್ಯ ಸರ್ಕಾರ ಕಂಪನಿಯಿಂದ 40 ಲಕ್ಷ ಡಾಲರು ದಂಡ ಕಟ್ಟಿಸಿಕೊಂಡಿತು. 2009ರಲ್ಲಿ ಒಂದು ಗುಂಪಿಗೆ ಜ್ಯೂರಿ ಸುಮಾರು 15 ಕೋಟಿ ಡಾಲರು ಕೊಡಿಸಿತು. 2011ರಲ್ಲಿ ಇನ್ನೊಂದು ಗುಂಪಿಗೆ ಕೊಡಿಸಿದ್ದು ಸುಮಾರು 150 ಕೋಟಿ ಡಾಲರು, ಅದರಲ್ಲಿ 100 ಕೋಟಿಗೂ ಮಿಕ್ಕಿದ್ದು ಬರೀ ಶಿಕ್ಷೆಯ ರೂಪದ್ದು. 2013ರ ಫೆಬ್ರವರಿಯಲ್ಲಿ ಮೇರಿಲ್ಯಾಂಡಿನ ಅತ್ಯುನ್ನತ ನ್ಯಾಯಾಲಯ ಆ ಶಿಕ್ಷೆಯ ಮೊತ್ತವನ್ನು ಪೂರ್ತಿ ತೆಗೆದುಹಾಕಿತು, ಉಳಿದದ್ದರಲ್ಲೂ ದೊಡ್ಡ ಪಾಲನ್ನು ಕತ್ತರಿಸಿತು. ಕ್ಯಾನ್ಸರ್ ಬರಬಹುದೆಂಬ ಭಯಕ್ಕೆ ಪರಿಹಾರ ಬೇಕೆಂದರೆ ವಿಷ ನಿಜಕ್ಕೂ ನಿಮ್ಮನ್ನು ತಲುಪಿತ್ತು ಎಂಬುದಕ್ಕೆ ಸಾಕ್ಷಿ ಬೇಕು ಎಂಬುದು ಅದರ ನಿಲುವುಗಳಲ್ಲೊಂದು. ಆ ಸಾಕ್ಷಿ ಇರುವುದು ಒಂದು ಪುಟ್ಟ ಗಾಜಿನ ಬಾಟಲಿಯಲ್ಲಿ.

ಬಾಟಲಿಯೊಳಗಿನ ಗುಳ್ಳೆ

ಆ ಬಾಟಲಿ ಹಿಡಿಯುವುದು 40 ಮಿಲಿಲೀಟರು, ಒಂದು ಗುಟುಕು ಕಾಫಿಯಷ್ಟು. ನೀರು ತುಳುಕುವವರೆಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ, ಬೆರಳಲ್ಲಿ ತಟ್ಟಿ ನೋಡುತ್ತಾರೆ. ಬಟಾಣಿ ಕಾಳಿನಷ್ಟು ಗುಳ್ಳೆ ಎದ್ದರೂ ಚೆಲ್ಲಿ ಮತ್ತೆ ತುಂಬಬೇಕು. ಬೆಂಜೀನ್ ನೀರಿನಿಂದ ಹೊರಬಂದು ಆ ಗುಳ್ಳೆಯೊಳಗೆ ಸೇರಿಕೊಳ್ಳುತ್ತದೆ, ಮುಚ್ಚಳ ತೆಗೆದಾಗ ಹಾರಿಹೋಗುತ್ತದೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ದಾರಿಯಲ್ಲಿ ಅದನ್ನು ತಿಂದುಬಿಡದಂತೆ ನಾಲ್ಕು ಹನಿ ಆಮ್ಲ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಓಡಿಸಬೇಕು. ನಮ್ಮಲ್ಲಿ ಬೋರ್‌ವೆಲ್ ನೀರು ಪರೀಕ್ಷೆಗೆ ಹೋಗುವುದು ಸಾಮಾನ್ಯವಾಗಿ ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ, ಅದೂ ಮುಕ್ಕಾಲು ತುಂಬಿ. ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಲು ಅಷ್ಟು ಸಾಕು. ಬೆಂಜೀನ್ ಹುಡುಕಲು ಹೊರಟರೆ ಪರೀಕ್ಷೆಗೆ ಮೊದಲೇ ಅದು ಪರಾರಿ.

ಮೂಗನ್ನಾದರೂ ನಂಬಬಹುದೇ? ಅರ್ಧಂಬರ್ಧ. ಬೆಂಜೀನಿನ ವಾಸನೆ ನೀರಿನಲ್ಲಿ ಮೂಗಿಗೆ ತಾಕುವ ಹೊತ್ತಿಗೆ ಅದು ಸುರಕ್ಷಿತ ಮಿತಿಯ ನೂರಾರು ಪಟ್ಟು ಮೀರಿರುತ್ತದೆ. ವಾಸನೆ ಬಂದರೆ ಖಂಡಿತ ಕೆಟ್ಟಿದೆ. ಬರದಿದ್ದರೆ ಏನನ್ನೂ ಹೇಳುವಂತಿಲ್ಲ.

ರಿಜಿಸ್ಟರು ಅನುಮಾನ ಹುಟ್ಟಿಸಿದ ಮೇಲೆ ಟ್ಯಾಂಕು, ಕೊಳವೆಗಳಿಗೆ ಒತ್ತಡ ಕೊಟ್ಟು ಅದು ನಿಲ್ಲುತ್ತದೆಯೇ ನೋಡುತ್ತಾರೆ. ತಪ್ಪು ಹೆಚ್ಚಾಗಿ ಕೊಳವೆಗಳದ್ದು, ಅವುಗಳ ಸಂದುಗಳದ್ದು. ಆಮೇಲೆ ಅಲ್ಲಲ್ಲಿ ನೆಲ ಕೊರೆದು ಮಣ್ಣು ತೆಗೆದು, ಆವಿ ಅಳೆಯುವ ಕೈಯಂತ್ರ ಹಿಡಿದು ನೋಡುತ್ತಾರೆ. ಆಮೇಲೆ ನಿಗಾ ಬಾವಿಗಳು. ಅಂಗೈ ಅಗಲದ, ಜಾಲರಿ ಕೊಳವೆ ಇಳಿಸಿದ ಸಣ್ಣ ಬಾವಿಗಳವು. ಕನಿಷ್ಠ ಮೂರು ಬೇಕು. ಎರಡು ಬಿಂದುಗಳಿಂದ ಇಳಿಜಾರು ಯಾವ ಕಡೆಗೆಂದು ಹೇಳಲಾಗದು. ಮೂರು ಕಾಲಿನ ಸ್ಟೂಲಿನ ಹಾಗೆ, ಮೂರೂ ಬಾವಿಗಳ ನೀರಿನ ಮಟ್ಟ ಗೊತ್ತಾದರೆ ನೆಲದಡಿಯ ನೀರು ಯಾವತ್ತ ವಾಲಿದೆ, ಎತ್ತ ಹರಿಯುತ್ತಿದೆ ಎಂಬುದು ತಿಳಿಯುತ್ತದೆ. ಬಾವಿಗೆ ಇಳಿಬಿಡುವ ಒಂದು ಟೇಪು ಎಣ್ಣೆ ತಾಗಿದರೆ ಒಂದು ಬಗೆ, ನೀರು ತಾಗಿದರೆ ಇನ್ನೊಂದು ಬಗೆ ಕೂಗುತ್ತದೆ. ಪೆಟ್ರೋಲು ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಎರಡು ಕೂಗುಗಳ ನಡುವಿನ ಅಂತರವೇ ತೇಲುವ ಪೆಟ್ರೋಲಿನ ದಪ್ಪ. ಅದರಲ್ಲೂ ಒಂದು ಮೋಸವಿದೆ. ಬಾವಿಯಲ್ಲಿ ಕಾಣುವ ದಪ್ಪ ಸುತ್ತಲ ಮಣ್ಣಿನಲ್ಲಿರುವುದಕ್ಕಿಂತ ಹೆಚ್ಚಾಗಿರುವುದುಂಟು. ಬಾವಿಯಲ್ಲಿ ಒಂದಡಿ ಕಂಡಿತೆಂದು ನೆಲದಡಿ ಪೆಟ್ರೋಲಿನ ಕೆರೆಯೇ ಇದೆಯೆಂದು ಗಾಬರಿಯಾದವರೂ ಇದ್ದಾರೆ, ಅದನ್ನು ಪಂಪು ಮಾಡಿ ಮಾರಬಹುದೆಂದು ಆಸೆಪಟ್ಟವರೂ ಇದ್ದಾರೆ.

ಮಳೆಗಾಲದ ನಾಡಿನಲ್ಲಿ ಇನ್ನೊಂದು ಆಟ ನಡೆಯುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಅದರ ಬೆನ್ನೇರಿದ ಪೆಟ್ರೋಲೂ ಇಳಿಯುತ್ತದೆ, ಇಳಿಯುತ್ತಾ ದಾರಿಯ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಮಳೆ ಬಿದ್ದು ನೀರೇರಿದಾಗ ಅದರಲ್ಲಿ ಸ್ವಲ್ಪ ಮಣ್ಣಿನ ಕಣಗಳ ಸಂದಿನಲ್ಲೇ ಸಿಕ್ಕಿ ಉಳಿಯುತ್ತದೆ. ವರ್ಷ ವರ್ಷವೂ ಹೀಗೆ ಹತ್ತಿ ಇಳಿದು, ಒಂದು ಪದರವಾಗಿದ್ದದ್ದು ಹತ್ತಾರು ಅಡಿ ದಪ್ಪದ ಕಲೆಯಾಗುತ್ತದೆ. ಬಾವಿಯಲ್ಲಿ ಎಣ್ಣೆ ಕಾಣುತ್ತಿಲ್ಲ ಎಂದು ಮಳೆಗಾಲದಲ್ಲಿ ಬರೆದ ವರದಿ ಬೇಸಿಗೆಯಲ್ಲಿ ಸುಳ್ಳಾಗುವುದು ಹೀಗೆ.

ಇದೆಲ್ಲ ಮರಳು, ಮಣ್ಣಿನ ನೆಲಕ್ಕೆ ಸಲ್ಲುವ ಮಾತು. ಬಂಡೆಗೆ ಬಂದರೆ ಪುಸ್ತಕವನ್ನು ಮಡಚಿಡಬೇಕು. ಜಾಕ್ಸನ್‌ವಿಲ್ ಕೂತಿರುವುದು ಬಿರುಕು ಬಿಟ್ಟ ಪುರಾತನ ಬಂಡೆಯ ಮೇಲೆ. ಕರ್ನಾಟಕದ ಬಹುಪಾಲು ಕೂತಿರುವುದೂ ಅಂಥದರ ಮೇಲೆಯೇ. ಇಂಥ ನೆಲದಲ್ಲಿ ನೀರು ಹರಡಿಕೊಂಡು ಹರಿಯುವುದಿಲ್ಲ, ಬಿರುಕಿನಿಂದ ಬಿರುಕಿಗೆ ಓಡುತ್ತದೆ. ಇದನ್ನು ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಯಾರೂ ಪಾಠ ಮಾಡಬೇಕಿಲ್ಲ. ಒಂದು ಬೋರಿಗೆ ಇನ್ನೂರು ಅಡಿಯಲ್ಲೇ ಸೆಲೆ ಸಿಕ್ಕಿ ನೀರು ಚಿಮ್ಮುತ್ತದೆ, ಬೇಲಿಯಾಚೆ ಸಾವಿರ ಅಡಿ ಕೊರೆದವನಿಗೆ ಬರೀ ಧೂಳು. ನೀರಿಗೆ ಅನ್ವಯಿಸುವ ಈ ನಸೀಬು ಪೆಟ್ರೋಲಿಗೂ ಅನ್ವಯಿಸುತ್ತದೆ. ಬಂಕಿನ ಗೋಡೆಗೆ ತಾಗಿದ ಮನೆಯ ಬಾವಿ ಶುದ್ಧವಾಗಿರಬಹುದು, ಅರ್ಧ ಮೈಲಿ ದೂರದ ಮನೆಯ ನಲ್ಲಿಯಲ್ಲಿ ವಾಸನೆ ಬರಬಹುದು. ಜಾಕ್ಸನ್‌ವಿಲ್‌ನಲ್ಲಿ ಮೂರು ನಿಗಾ ಬಾವಿ ಯಾವ ಮೂಲೆಗೂ ಸಾಲದೆ ನೂರಾರು ಬಾವಿಗಳನ್ನು ಬಳಸಬೇಕಾಯಿತು.

ಬಂಡೆ ಸಾಲದೆಂಬಂತೆ ನಾವು ಮೋಟಾರುಗಳನ್ನೂ ಸೇರಿಸಿದ್ದೇವೆ. ನೂರಾರು ಬೋರ್‌ವೆಲ್‌ಗಳು ಹಗಲಿರುಳು ನೀರೆಳೆಯುವ ಬಡಾವಣೆಯಲ್ಲಿ ಅಂತರ್ಜಲ ಯಾವ ಕಡೆ ಹರಿಯಬೇಕೆಂದು ತೀರ್ಮಾನಿಸುವುದು ಭೂಮಿಯ ಇಳಿಜಾರಲ್ಲ, ಯಾರ ಪಂಪು ಹೆಚ್ಚು ಹೊತ್ತು ಓಡುತ್ತದೆ ಎಂಬುದು. ಬತ್ತಿದ ಬೋರುಗಳು ಇನ್ನೊಂದು ಕೇಡು. ಕೇಸಿಂಗ್ ಪೈಪು ಮೇಲಿನ ಮೆತ್ತನೆಯ ಮಣ್ಣಿಗಷ್ಟೇ ಇರುತ್ತದೆ, ಕೆಳಗೆ ಬರಿಯ ಬಂಡೆ. ಮೇಲಿನ ಬಿರುಕಿನ ಕೊಳೆ ಆಳದ ಬಿರುಕಿಗೆ ಇಳಿಯಲು ಅದಕ್ಕಿಂತ ನೇರವಾದ ಮೆಟ್ಟಿಲು ಬೇಕೆ?

ಕರಾವಳಿಯ ಕಥೆ ಬೇರೆ. ಅಲ್ಲಿ ಮುರಕಲ್ಲಿನ ತೂತು ತೂತಾದ ನೆಲ, ಮನೆಗೊಂದು ತೆರೆದ ಬಾವಿ, ಮಳೆಗಾಲದಲ್ಲಿ ಕೈಗೆಟಕುವ ನೀರು. ಸೋರಿದ್ದು ಬಾವಿ ಸೇರಲು ಹೆಚ್ಚು ದಿನ ಹಿಡಿಯುವುದಿಲ್ಲ. ಒಂದು ಅನುಕೂಲವೆಂದರೆ ತೆರೆದ ಬಾವಿಯಲ್ಲಿ ತೇಲುವ ಎಣ್ಣೆಯ ಬಣ್ಣ ಕಣ್ಣಿಗೆ ಕಾಣುತ್ತದೆ.

ಕಾಣದಿದ್ದಾಗ ಏನಾಗಬಹುದು ಎಂಬುದಕ್ಕೆ ಮೆಕ್ಸಿಕೋದ ಗ್ವಾದಲಹಾರ ನಗರವನ್ನು ನೆನೆಯಬೇಕು. 1992ರ ಏಪ್ರಿಲ್ 22ರಂದು ಅಲ್ಲಿ ಚರಂಡಿ ಸಾಲುಗಳು ಒಂದರ ಹಿಂದೊಂದು ಸಿಡಿದು ಬೀದಿಗಳು ಬಾಯಿಬಿಟ್ಟವು, 200ಕ್ಕೂ ಹೆಚ್ಚು ಜನ ಸತ್ತರು. ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಜನ ದೂರಿದ್ದು ಅದಕ್ಕೂ ಮೊದಲೇ. ಸತು ಲೇಪಿಸಿದ ನೀರಿನ ಕೊಳವೆ ಪೆಟ್ರೋಲಿನ ಉಕ್ಕಿನ ಕೊಳವೆಗೆ ತಾಗಿಕೊಂಡು, ತೇವದ ಮಣ್ಣಿನಲ್ಲಿ ಎರಡು ಲೋಹಗಳು ಬ್ಯಾಟರಿಯಂತೆ ವರ್ತಿಸಿ, ಉಕ್ಕು ಸವೆದು ತೂತಾಗಿತ್ತು. ಅದು ಬಂಕಿನ ಕೊಳವೆಯಲ್ಲ, ತೈಲ ಕಂಪನಿಯ ಉದ್ದ ಕೊಳವೆ. ಆದರೆ ತುಕ್ಕಿಗೆ ಆ ಭೇದವಿಲ್ಲ.

ಗಾಳಿಗೆ ಒಳ್ಳೆಯದು, ನೀರಿಗೆ ಕೆಟ್ಟದ್ದು

ತುಕ್ಕು ಹಿಡಿದ ಟ್ಯಾಂಕುಗಳ ಬಗ್ಗೆ ಅಮೆರಿಕ ಎಚ್ಚೆತ್ತದ್ದು 1980ರ ದಶಕದಲ್ಲಿ. 1984ರಲ್ಲಿ ಕಾನೂನು, 1988ರಲ್ಲಿ ನಿಯಮಗಳು ಬಂದವು. ಹಳೆಯ ಉಕ್ಕಿನ ಟ್ಯಾಂಕುಗಳನ್ನು ಸುಧಾರಿಸಿ ಇಲ್ಲವೇ ಕಿತ್ತುಹಾಕಿ ಎಂದು ಹತ್ತು ವರ್ಷ ಗಡುವು ಕೊಟ್ಟರು. ಮಾರಾಟವಾಗುವ ಪ್ರತಿ ಗ್ಯಾಲನ್ ಇಂಧನದ ಮೇಲೆ ಸೆಂಟಿನ ಹತ್ತನೇ ಒಂದು ಭಾಗ ತೆರಿಗೆ ಹಾಕಿ, ಹೊಣೆಗಾರ ಸಿಗದ ಜಾಗಗಳನ್ನು ತೊಳೆಯಲು ನಿಧಿ ಮಾಡಿದರು. ಸೋರುವ ಟ್ಯಾಂಕುಗಳ ಈ ನಿಧಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಲಸ್ಟ್’ ಎಂದಾಗುತ್ತದೆ. ಸರ್ಕಾರಿ ಕಡತಗಳಲ್ಲಿ ಕಾಮದ ಹೆಸರಿನ ನಿಧಿ ಇನ್ನೆಲ್ಲೂ ಇರಲಿಕ್ಕಿಲ್ಲ. ಹುಡುಕುತ್ತಾ ಹೋದಂತೆ ಐದೂವರೆ ಲಕ್ಷಕ್ಕೂ ಹೆಚ್ಚು ಸೋರಿಕೆಗಳು ಸಿಕ್ಕವು. ಬಹುತೇಕ ತೊಳೆದು ಮುಗಿದಿವೆ, ಹತ್ತಾರು ಸಾವಿರ ಇನ್ನೂ ಬಾಕಿ.

ಅದೇ ಹೊತ್ತಿಗೆ ಇನ್ನೊಂದು ಕೈ ಇನ್ನೊಂದು ಕೆಲಸ ಮಾಡುತ್ತಿತ್ತು. ಹೊಗೆ ಕಡಿಮೆ ಮಾಡಲು ಪೆಟ್ರೋಲಿಗೆ ಆಮ್ಲಜನಕ ಇರುವ ವಸ್ತು ಬೆರೆಸಬೇಕೆಂದು 1990ರ ಶುದ್ಧ ಗಾಳಿ ಕಾಯ್ದೆ ಹೇಳಿತು. ಕಂಪನಿಗಳು ಹೆಚ್ಚಾಗಿ ಆರಿಸಿಕೊಂಡದ್ದು ಎಂಟಿಬಿಇ ಎಂಬ ಅಗ್ಗದ ದ್ರವವನ್ನು. ಅದು ಬೆಂಜೀನಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಸಲೀಸಾಗಿ ನೀರಿನಲ್ಲಿ ಕರಗುತ್ತದೆ, ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ಸೂಕ್ಷ್ಮಜೀವಿಗಳಿಗೂ ಅಷ್ಟಾಗಿ ರುಚಿಸುವುದಿಲ್ಲ. ಬೆಂಜೀನ್ ಬಂಕಿನ ಆಸುಪಾಸಿನಲ್ಲಿ ತಡವರಿಸುತ್ತಿದ್ದರೆ ಇದು ನೀರಿನ ಜೊತೆಗೇ ಹೆಜ್ಜೆ ಹಾಕಿ ಊರ ಬಾವಿಗೆ ಹೋಗಿ ಸೇರುತ್ತದೆ. ಟರ್ಪೆಂಟೈನ್‌ನಂಥ ಅದರ ವಾಸನೆ ಮಾತ್ರ ಲೀಟರಿಗೆ 20ರಿಂದ 40 ಮೈಕ್ರೋಗ್ರಾಮಿಗೇ ಗೊತ್ತಾಗಿಬಿಡುತ್ತದೆ. ಅದರಿಂದ ಆದ ಒಂದೇ ಉಪಕಾರ ಅದು.

ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ನಗರದ ಚಾರ್ನಾಕ್ ಬಾವಿಗಳಲ್ಲಿ ಅದು ಸಿಕ್ಕಿದ್ದು 1995ರಲ್ಲಿ. 1996ರ ಮಧ್ಯದ ಹೊತ್ತಿಗೆ ಆ ಬಾವಿಗಳನ್ನೆಲ್ಲ ನಿಲ್ಲಿಸಬೇಕಾಯಿತು. ಸಮುದ್ರದ ಪಕ್ಕದ ಸಿರಿವಂತ ಊರು ತನ್ನ ನೀರಿನ ಸುಮಾರು ಅರ್ಧ ಭಾಗ ಕಳೆದುಕೊಂಡು ಹೊರಗಿನಿಂದ ಕೊಳ್ಳತೊಡಗಿತು. ಸುತ್ತಮುತ್ತಲ ಹತ್ತಾರು ಟ್ಯಾಂಕು, ಕೊಳವೆಗಳಲ್ಲಿ ಸೋರಿದ್ದು ಯಾರದೆಂಬ ತಗಾದೆ ಶುರುವಾಯಿತು. ನಗರ ಮೊಕದ್ದಮೆ ಹೂಡಿತು, ಕಂಪನಿಗಳು ಕೊನೆಗೆ ರಾಜಿಗೆ ಬಂದವು. ಶುದ್ಧೀಕರಣ ಘಟಕ ಕಟ್ಟಿ ಆ ಬಾವಿಗಳ ನೀರು ಮತ್ತೆ ನಲ್ಲಿಗೆ ಬಂದದ್ದು 2010-11ರಲ್ಲಿ. ಒಂದು ಮಗು ಹುಟ್ಟಿ ಹತ್ತನೇ ತರಗತಿ ಪರೀಕ್ಷೆ ಬರೆಯುವಷ್ಟು ಕಾಲ. ಕ್ಯಾಲಿಫೋರ್ನಿಯಾ 2004ರಿಂದ ಎಂಟಿಬಿಇಯನ್ನು ನಿಷೇಧಿಸಿದೆ.

ತೊಳೆಯುವುದು ಎಂದರೆ

ಯಾರು ಕೇಳಿದರೂ ಮೊದಲ ಸಲಹೆ ಒಂದೇ: ಕೆಟ್ಟ ನೀರನ್ನು ಪಂಪು ಮಾಡಿ ತೆಗೆದು, ಶುದ್ಧ ಮಾಡಿ, ಬಿಟ್ಟರಾಯಿತು. ದಶಕಗಳ ಕಾಲ ಅಮೆರಿಕ ಮಾಡಿದ್ದೂ ಇದನ್ನೇ. ಆದರೆ ಎಣ್ಣೆ ಹಚ್ಚಿದ ತಲೆಗೆ ಬರೀ ನೀರು ಸುರಿದಂತೆ ಅದು. ಮೊದಲ ಕೆಲವು ತಿಂಗಳು ಅಂಕಿಗಳು ಸರ್ರನೆ ಇಳಿಯುತ್ತವೆ, ಎಲ್ಲರಿಗೂ ಖುಷಿ. ಆಮೇಲೆ ಇಳಿಯುವುದು ನಿಂತು ಸಮನಾಗಿ ಸಾಗುತ್ತವೆ. ಪಂಪು ನಿಲ್ಲಿಸಿದರೆ ಮತ್ತೆ ಏರುತ್ತವೆ. ಕೆಟ್ಟದ್ದು ನೀರಲ್ಲಿ ಇದ್ದುದಕ್ಕಿಂತ ಮಣ್ಣಿನ ಸಂದಿಯಲ್ಲಿ, ಬಂಡೆಯ ಕೂದಲೆಳೆ ಬಿರುಕುಗಳಲ್ಲಿ ಹೆಚ್ಚು ಕೂತಿತ್ತು. ಅಲ್ಲಿಂದ ಅದು ಹೊರಬರುವುದು ತನಗೆ ಬೇಕಾದಾಗ.

ಆದ್ದರಿಂದ ಈಗ ನೀರಿಗಿಂತ ಮೊದಲು ಪೆಟ್ರೋಲಿನ ಬೆನ್ನು ಹತ್ತುತ್ತಾರೆ. ತೇಲುತ್ತಿರುವುದನ್ನು ಕೆನೆಯಂತೆ ಎತ್ತುತ್ತಾರೆ. ನೀರಿನ ಮೇಲಿನ ಮಣ್ಣಿಗೆ ಕೊಳವೆ ಇಳಿಸಿ ನಿರ್ವಾತ ಹಾಕಿ ಆವಿಯನ್ನು ಹೀರುತ್ತಾರೆ. ಪೆಟ್ರೋಲಿನ ಗುಣವೇ ಆವಿಯಾಗುವುದು, ರಿಜಿಸ್ಟರಿನಲ್ಲಿ ಮೋಸ ಮಾಡಿದ ಅದೇ ಗುಣ ಇಲ್ಲಿ ಕೈ ಹಿಡಿಯುತ್ತದೆ. ನೀರಿನೊಳಗೆ ಗಾಳಿ ಊದಿ ಗುಳ್ಳೆಗಳ ಜೊತೆ ಬೆಂಜೀನನ್ನು ಮೇಲೆಬ್ಬಿಸುತ್ತಾರೆ. ಹೀರಿದ ಗಾಳಿಯನ್ನು, ತೆಗೆದ ನೀರನ್ನು ಇದ್ದಿಲಿನ ತೊಟ್ಟಿಗಳ ಮೂಲಕ ಹಾಯಿಸುತ್ತಾರೆ. ಮನೆಯ ವಾಟರ್ ಫಿಲ್ಟರಿನಲ್ಲಿರುವ ಇದ್ದಿಲಿನದೇ ದೊಡ್ಡಣ್ಣ ಅದು. ಡೀಸೆಲ್ಲಿಗೆ ಈ ಹೀರುವ ಉಪಾಯ ಅಷ್ಟು ಒಗ್ಗುವುದಿಲ್ಲ, ಅದು ಸುಲಭಕ್ಕೆ ಆವಿಯಾಗದು.

ಉಳಿದದ್ದನ್ನು ತಿನ್ನುವವರು ನೆಲದಲ್ಲೇ ಇದ್ದಾರೆ. 1979ರ ಆಗಸ್ಟ್ 20ರಂದು ಮಿನೆಸೋಟಾದ ಬೆಮಿಜಿ ಊರಿನ ಬಳಿ ಕಚ್ಚಾತೈಲದ ಕೊಳವೆ ಒಡೆದು 17 ಲಕ್ಷ ಲೀಟರು ಚೆಲ್ಲಿತು. ತೆಗೆಯಲು ಸಾಧ್ಯವಾದದ್ದನ್ನೆಲ್ಲ ತೆಗೆದ ಮೇಲೂ ಸುಮಾರು 4 ಲಕ್ಷ ಲೀಟರು ನೆಲದಲ್ಲೇ ಉಳಿಯಿತು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 1983ರಿಂದ ಅದನ್ನೇ ಪ್ರಯೋಗಶಾಲೆ ಮಾಡಿಕೊಂಡು ಕಾಯುತ್ತಾ ಕೂತಿದೆ. ಅಲ್ಲಿ ಕಂಡದ್ದು ಒಂದು ಪಂಕ್ತಿ ಭೋಜನ. ಆಮ್ಲಜನಕ ಬಳಸುವ ಸೂಕ್ಷ್ಮಜೀವಿಗಳು ಮೊದಲು ಕೂರುತ್ತವೆ. ಅದು ಮುಗಿದ ಕಡೆ ಮಣ್ಣಿನ ಮ್ಯಾಂಗನೀಸು, ಕಬ್ಬಿಣವನ್ನು ಬಳಸಿ ಉಣ್ಣುವವು ಬರುತ್ತವೆ. ಕೊನೆಯ ಪಂಕ್ತಿಯವು ಮೀಥೇನ್ ಬಿಡುತ್ತವೆ. ತೈಲದ ಬೆಂಜೀನ್ ಹೀಗೆ ದಾರಿಯಲ್ಲೇ ನಶಿಸಿಹೋಗುವುದರಿಂದ ಮಲಿನ ನೀರಿನ ನಾಲಿಗೆ ನಿರೀಕ್ಷಿಸಿದಷ್ಟು ದೂರ ಚಾಚಲಿಲ್ಲ. ‘ನಿಗಾ ಇಟ್ಟು ಬಿಟ್ಟುಬಿಡುವುದು’ ಎಂಬ ಚಿಕಿತ್ಸೆಗೆ ಬಲ ಬಂದದ್ದು ಇಂಥ ಕಡೆಯಿಂದ. ಇದು ಸೋಮಾರಿಗಳ ಚಿಕಿತ್ಸೆಯಲ್ಲ. ವರ್ಷಕ್ಕೆ ಹಲವು ಬಾರಿ, ಹತ್ತಾರು ಬಾವಿಗಳಿಂದ, ಗುಳ್ಳೆಯಿಲ್ಲದ ಬಾಟಲಿ ತುಂಬಿ, ಅಂಕಿ ಇಳಿಯುತ್ತಿದೆ ಎಂದು ತೋರಿಸಬೇಕು. ನಿಗಾ ಬಿಟ್ಟು ಬರೀ ಬಿಟ್ಟುಬಿಡುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ.

ಈಗ ಪಂಕ್ತಿಗೆ ಹೊಸ ತಿನಿಸು ಬಂದಿದೆ. ನಮ್ಮ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಸೂಕ್ಷ್ಮಜೀವಿಗಳಿಗೆ ಅದು ಹೋಳಿಗೆಯಿದ್ದಂತೆ, ಎಲೆಯಲ್ಲಿ ಅದಿರುವವರೆಗೆ ಬೆಂಜೀನಿನ ಕಡೆ ಕೈ ಹೋಗುವುದಿಲ್ಲ. ಅಷ್ಟೇ ಅಲ್ಲ, ಎಥನಾಲ್ ತಿನ್ನುವ ಗಡಿಬಿಡಿಯಲ್ಲಿ ನೆಲದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ನಮಗಿಂತ ಬಹಳ ಮೊದಲೇ ಎಥನಾಲ್ ಬಳಕೆಗೆ ಇಳಿದ ಬ್ರೆಜಿಲ್ ಇದನ್ನು ನೆಲದಲ್ಲೇ ಪರೀಕ್ಷಿಸಿತು. ಫ್ಲೋರಿಯಾನಾಪೊಲಿಸ್‌ನ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ತಮ್ಮ ತೋಟವೊಂದರಲ್ಲಿ ಎಥನಾಲ್ ಬೆರೆಸಿದ 100 ಲೀಟರು ಪೆಟ್ರೋಲನ್ನು ಬೇಕೆಂದೇ ನೆಲಕ್ಕೆ ಬಿಟ್ಟು, ವರ್ಷಗಟ್ಟಲೆ ಅದರ ಹಿಂದೆ ನಡೆದರು. ಎಥನಾಲ್ ಖಾಲಿಯಾಗುವವರೆಗೆ ಬೆಂಜೀನ್ ನಶಿಸುವುದು ತಡವಾಯಿತು. ಬಂಕಿನ ಮಟ್ಟದಲ್ಲೂ ಎಥನಾಲ್ ಒಂದು ತಂಟೆ ತಂದಿದೆ. ಮೊದಲೆಲ್ಲ ಟ್ಯಾಂಕಿಗೆ ನೀರು ನುಗ್ಗಿದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು, ಡಿಪ್ ರಾಡಿನ ತುದಿಗೆ ಬಳಿದ ಪೇಸ್ಟು ಬಣ್ಣ ಬದಲಿಸಿ ಹೇಳುತ್ತಿತ್ತು. ನೀರು ಒಳಬರುವ ತೂತು ಪೆಟ್ರೋಲು ಹೊರಹೋಗುವ ತೂತೂ ಆಗಬಹುದಲ್ಲ. ಈಗ ಸ್ವಲ್ಪ ನೀರಾದರೆ ಎಥನಾಲ್ ಅದನ್ನು ನುಂಗಿಕೊಂಡು ಸುಮ್ಮನಿರುತ್ತದೆ.

ನಮ್ಮ ಕಾನೂನು ನಿಧಾನವಾಗಿ ಇತ್ತ ನಡೆಯುತ್ತಿದೆ. ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಯಿಂದ 50 ಮೀಟರು ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿತು. ಹೊಗೆ, ಬೆಂಕಿಯ ಮಟ್ಟಿಗೆ 50 ಮೀಟರು ಅರ್ಥಪೂರ್ಣ. ಬಿರುಕು ಬಂಡೆಯ ಮೇಲೆ ಕೂತ ಊರಿನ ಬಾವಿಗೆ ಆ ಅಂಕಿ ಏನು ಭರವಸೆ ಕೊಡುತ್ತದೆಂದು ಜಾಕ್ಸನ್‌ವಿಲ್‌ನವರನ್ನು ಕೇಳಬೇಕು. ಮಲಿನಗೊಂಡ ಜಾಗಗಳನ್ನು ಗುರುತಿಸಿ, ಕೆಡಿಸಿದವರಿಂದಲೇ ತೊಳೆಸುವ ಪ್ರತ್ಯೇಕ ನಿಯಮಗಳು ದೇಶಕ್ಕೆ ಬಂದದ್ದು 2025ರ ಜುಲೈನಲ್ಲಿ. ಅನುಮಾನದ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಕೊಡಬೇಕು, ರಾಜ್ಯ ಮಂಡಳಿ ಹೋಗಿ ಪರಿಶೀಲಿಸಬೇಕು. ನಮ್ಮ ಪಂಚಾಯಿತಿ, ಪುರಸಭೆಗಳಿಗೆ ಅನುಮಾನ ಬರುವುದು ಯಾವಾಗ ಎಂದರೆ, ಯಾರಾದರೂ ನೀರಿಗೆ ವಾಸನೆ ಎಂದು ದೂರು ಕೊಟ್ಟಾಗ. ಮೂಗಿನ ಮಿತಿ ಏನೆಂದು ಮೇಲೆ ನೋಡಿದೆವು.

ವಾಸನೆಗೆ ಕಾಯದೆ ನೆಲದೊಳಗನ್ನು ನೋಡುವ ಅವಕಾಶ ಒಂದಿದೆ. ನಗರದ ಒಳಗಿನ ಹಳೆಯ ಬಂಕುಗಳು ಒಂದೊಂದಾಗಿ ಮುಚ್ಚುತ್ತಿವೆ. ಗುತ್ತಿಗೆ ಅವಧಿ ಮುಗಿದಿರುತ್ತದೆ, ಜಾಗದ ಬೆಲೆ ಏರಿರುತ್ತದೆ, ಮಾಲೀಕರಿಗೆ ಕಾಂಪ್ಲೆಕ್ಸ್ ಕಟ್ಟುವ ಮನಸ್ಸಾಗಿರುತ್ತದೆ. ಆಗ ಕ್ರೇನು ಬಂದು ಟ್ಯಾಂಕುಗಳನ್ನು ಎತ್ತುತ್ತದೆ. ಟ್ಯಾಂಕು ಎದ್ದ ಗುಂಡಿಯ ತಳದಲ್ಲಿ, ಅದರ ಎರಡು ತುದಿಗಳಡಿಯಲ್ಲಿ, ಕೊಳವೆ ಹಾದಿದ್ದ ಕಾಲುವೆಯುದ್ದಕ್ಕೂ ಹಿಡಿಹಿಡಿ ಮಣ್ಣು ತೆಗೆದು ಪರೀಕ್ಷೆಗೆ ಕಳಿಸಿದರೆ ನಿಗಾ ಬಾವಿಗಳು ಹೇಳುವ ಕಥೆಯ ಅರ್ಧ ಅಲ್ಲೇ, ಬಲು ಅಗ್ಗಕ್ಕೆ ಸಿಗುತ್ತದೆ. ಸೋರಿದ ಜಾಗದ ಮಣ್ಣು ಬೂದು, ಹಸಿರು ಮಿಶ್ರಿತ ಕಪ್ಪಾಗಿ ಕಣ್ಣಿಗೇ ಕಾಣುವುದುಂಟು. ಅಂಥ ಗುಂಡಿ ಬಾಯಿ ತೆರೆದಿರುವುದು ಒಂದೆರಡು ದಿನ ಅಷ್ಟೇ. ಮೂರನೇ ದಿನ ಬೆಳಿಗ್ಗೆ ಮಣ್ಣು ತುಂಬುವ ಟಿಪ್ಪರು ಬಂದು ನಿಂತಿರುತ್ತದೆ, ಅದರ ಹಿಂದೆಯೇ ಹೊಸ ಕಟ್ಟಡಕ್ಕೆ ಬೋರು ಕೊರೆಯುವ ಲಾರಿ.